ಕೂಳೆ ಮೇಯ್ದ ಕಡಸು ಸತ್ತಿತು: ಹೈಬ್ರಿಡ್ ಮೇವಿನ ಜೋಳವನ್ನು ಕಿತ್ತುಹಾಕಬೇಕೆ?

ಪ್ರಶ್ನೆ: ನಾವು ಹಾವೇರಿ ಜಿಲ್ಲೆಯವರು. ಮೂರು ಮಿಶ್ರತಳಿ ಆಕಳು, ಎರಡು ಎಮ್ಮೆ ಕಟ್ಟಿದ್ದೇವೆ. ಈ ವರ್ಷ ಜೂನ್ ತಿಂಗಳಲ್ಲಿ 20 ಗುಂಟೆಗೆ, ಹಲವು ಸಲ ಕೊಯ್ಯಬಹುದಾದ ಹೈಬ್ರಿಡ್ ಮೇವಿನ ಜೋಳ ಬಿತ್ತಿದೆವು. ಮೊದಲ ಕೊಯ್ಲು ಚೆನ್ನಾಗಿ ಬಂತು, ದನಗಳು ಆಸೆಯಿಂದ ತಿಂದವು, ಹಾಲೂ ಏರಿತು. ಆಮೇಲೆ ಇಪ್ಪತ್ತು ದಿನ ಮಳೆ ಕೈಕೊಟ್ಟು ಕೂಳೆ, ಅಂದರೆ ಕೊಯ್ದ ಬುಡದಿಂದ ಮತ್ತೆ ಚಿಗುರಿದ ಬೆಳೆ, ಮೊಣಕಾಲೆತ್ತರಕ್ಕೇ ನಿಂತುಬಿಟ್ಟಿತು. ಒಳ್ಳೆಯ ಮಳೆ ಬಿದ್ದ ನಾಲ್ಕನೆಯ ದಿನ ಪಕ್ಕದ ಹೊಲದವರ ಕಡಸು ಹಗ್ಗ ಹರಿದುಕೊಂಡು ಬಂದು ಆ ಕೂಳೆಯನ್ನು ಮೇಯ್ದು, ಅರ್ಧ ಗಂಟೆಯೊಳಗೆ ಬದುವಿನ ಮೇಲೆ ಬಿದ್ದು ಸತ್ತಿತು. ಕೆಲವರು ಹುಳ (ಹಾವು) ಮುಟ್ಟಿದೆ ಎಂದರು, ಕೆಲವರು ಹೈಬ್ರಿಡ್ ಬೀಜದ ವಿಷ ಎಂದರು. ನಾಟಿ ಜೋಳದಲ್ಲಿ ಇಂಥದ್ದನ್ನು ಕಂಡೇ ಇಲ್ಲವೆಂದು ನಮ್ಮ ಮಾವನವರು ಬೆಳೆಯನ್ನು ಕಿತ್ತುಹಾಕಲು ಹೇಳುತ್ತಿದ್ದಾರೆ. ಬೀಜದ ಅಂಗಡಿಯವರು ಮುಂದಿನ ಸಲ ವಿಷವೇ ಇಲ್ಲದ ತಳಿ ಕೊಡುತ್ತೇವೆ ಎನ್ನುತ್ತಾರೆ. ಈಗ ನಿಂತಿರುವ ಬೆಳೆಯನ್ನು ಏನು ಮಾಡಬೇಕು? ಒಣಗಿಸಿ ಹಾಕಬಹುದೇ? ಉಪ್ಪುನೀರು ಚಿಮುಕಿಸಿದರೆ ವಿಷ ಹೋಗುತ್ತದೆಯೇ? ಈ ವಿಷ ಹಾಲಿಗೆ ಇಳಿಯುತ್ತದೆಯೇ? ಇದನ್ನು ಬಿಟ್ಟು ನೇಪಿಯರ್ ಹುಲ್ಲು ಹಾಕುವುದೇ ವಾಸಿಯೇ?

ಉತ್ತರ: ಬೆಳೆಯನ್ನು ಕೀಳಬೇಡಿ, ಆದರೆ ಇವತ್ತು ಒಂದು ಹಿಡಿಯನ್ನೂ ಕೊಯ್ದು ಹಾಕಬೇಡಿ. ಮಿಕ್ಕಿದ್ದನ್ನು ನಿಧಾನವಾಗಿ ವಿವರಿಸುತ್ತೇನೆ. ಮರಣೋತ್ತರ ಪರೀಕ್ಷೆ ಆಗದ ಪಶುವಿನ ಸಾವಿಗೆ ಇದೇ ಕಾರಣವೆಂದು ದೂರದಲ್ಲಿ ಕುಳಿತು ಪ್ರಮಾಣ ಮಾಡಲು ಬರುವುದಿಲ್ಲ. ಹಾಗಿದ್ದರೂ ಬರ, ಬರ ಮುರಿದ ಮಳೆ, ಮೊಣಕಾಲೆತ್ತರದ ಕೂಳೆ, ಹಗ್ಗ ಹರಿದುಕೊಂಡು ಬಂದ ಕಡಸು, ಅರ್ಧ ಗಂಟೆ ಎಂಬ ಐದು ಸಂಗತಿಗಳನ್ನು ನೀವೇ ಒಂದರ ಪಕ್ಕ ಒಂದು ಇಟ್ಟು ಬರೆದಿದ್ದೀರಿ. ಯಾವ ಪಶುವೈದ್ಯರು ಓದಿದರೂ ಅವರ ಮನಸ್ಸಿಗೆ ಮೊದಲು ಬರುವುದು ಸೈನೈಡ್ ವಿಷಬಾಧೆ.

ಜೋಳದ ಎಲೆಯಲ್ಲಿ ಸೈನೈಡ್ ಸಿದ್ಧರೂಪದಲ್ಲಿ ಕುಳಿತಿರುವುದಿಲ್ಲ. ಧುರಿನ್ ಎಂಬ ವಸ್ತು ಒಂದು ಕಡೆ, ಅದನ್ನು ಒಡೆಯುವ ಕಿಣ್ವ ಇನ್ನೊಂದು ಕಡೆ, ಹೀಗೆ ಎರಡೂ ಬೇರೆ ಬೇರೆಯಾಗಿ ಇರುತ್ತವೆ. ಎಲೆ ಜಜ್ಜಿದಾಗ, ಅಗಿದಾಗ, ಬಾಡಿದಾಗ ಇವು ಕೂಡಿಕೊಂಡು ಹೈಡ್ರೊಸಯನಿಕ್ ಆಮ್ಲ ಹುಟ್ಟುತ್ತದೆ. ಎಳೆಯ ಗಿಡವನ್ನು ಕೀಟಗಳಿಂದ ಕಾಪಾಡಿಕೊಳ್ಳಲು ಜೋಳ ತಾನೇ ಮಾಡಿಕೊಂಡ ಏರ್ಪಾಡು ಇದು. ದನ, ಎಮ್ಮೆ, ಕುರಿಗಳ ದುರದೃಷ್ಟವೆಂದರೆ ಅವುಗಳ ಮೆಲುಕು ಚೀಲದಲ್ಲಿರುವ ಸೂಕ್ಷ್ಮಜೀವಿಗಳೂ ಧುರಿನ್ ಒಡೆಯುವ ಕೆಲಸಕ್ಕೆ ಕೈಜೋಡಿಸುತ್ತವೆ. ಹಂದಿ, ಕುದುರೆಗಳ ಜಠರದಲ್ಲಿ ಆಮ್ಲ ಹೆಚ್ಚಿರುವುದರಿಂದ ಆ ಕಿಣ್ವ ಬಹುಪಾಲು ಅಲ್ಲೇ ಕೆಡುತ್ತದೆ, ಹಾಗಾಗಿ ಅವುಗಳಿಗೆ ಇಷ್ಟು ಬೇಗ ಅಪಾಯವಾಗುವುದಿಲ್ಲ. ರಕ್ತ ಸೇರಿದ ಸೈನೈಡ್ ಜೀವಕೋಶಗಳು ಆಮ್ಲಜನಕ ಬಳಸುವ ವ್ಯವಸ್ಥೆಯನ್ನೇ ತಡೆದು ನಿಲ್ಲಿಸುತ್ತದೆ. ಪಶು ಉಸಿರಾಡುತ್ತಿರುತ್ತದೆ, ರಕ್ತದ ತುಂಬ ಆಮ್ಲಜನಕವೂ ಇರುತ್ತದೆ, ಆದರೆ ಮೈಗೆ ಅದು ದಕ್ಕುವುದಿಲ್ಲ. ಇಂಥ ಪಶುವಿನ ವಸಡೂ ರಕ್ತವೂ ಮೊದಮೊದಲು ಕಡುಗೆಂಪಾಗಿ ಹೊಳೆಯುವುದು ಇದೇ ಕಾರಣಕ್ಕೆ.

ಇಲ್ಲಿ ಒಂದು ಸಣ್ಣ ಲೆಕ್ಕ ನೋಡಿ, ಮುಂದಿನದೆಲ್ಲ ಅದರಿಂದಲೇ ತಿಳಿಯುತ್ತದೆ. ಒಂದೇ ಸಲಕ್ಕೆ ಹೊಟ್ಟೆ ಸೇರಿದರೆ, ದೇಹತೂಕದ ಪ್ರತಿ ಕಿಲೋಗೆ ಸುಮಾರು 2 ಮಿಲಿಗ್ರಾಂ ಹೈಡ್ರೊಸಯನಿಕ್ ಆಮ್ಲ ದನದ ಪ್ರಾಣಕ್ಕೆ ಸಾಕು. 400 ಕಿಲೋ ತೂಗುವ ಆಕಳಿಗೆ ಅದು 800 ಮಿಲಿಗ್ರಾಂ, ಅಂದರೆ ಒಂದು ಗ್ರಾಮಿಗೂ ಕಡಿಮೆ. ಹಸಿಮೇವಿನಲ್ಲಿ ಕಿಲೋಗೆ 200 ಮಿಲಿಗ್ರಾಂ ದಾಟಿದರೆ ಅಪಾಯವೆಂದು ಹೇಳುವುದು ರೂಢಿ. ಆ ಮಟ್ಟದ ಮೇವು 4 ಕಿಲೋ ಸಾಕು. 4 ಕಿಲೋ ಹಸಿಮೇವೆಂದರೆ ಒಂದು ತೆಕ್ಕೆ, ಹಸಿದ ದನಕ್ಕೆ ಹತ್ತು ನಿಮಿಷದ ಕೆಲಸ. ಅದೇ ಮೇವನ್ನು ಒಣಹುಲ್ಲಿನ ಜೊತೆ ಬೆರೆಸಿ ಇಡೀ ದಿನ ಸ್ವಲ್ಪ ಸ್ವಲ್ಪವಾಗಿ ಹಾಕಿದ್ದರೆ, ಬಂದಷ್ಟು ಸೈನೈಡನ್ನು ಯಕೃತ್ತು ಗಂಧಕದ ಅಂಶದೊಂದಿಗೆ ಕೂಡಿಸಿ ಥಯೊಸಯನೇಟ್ ಮಾಡಿ ಮೂತ್ರದಲ್ಲಿ ಹೊರಹಾಕುತ್ತಿತ್ತು, ಪಶುವಿಗೆ ಏನೂ ಆಗದಿರಬಹುದಿತ್ತು. ಆದ್ದರಿಂದ ಮೇವಿನಲ್ಲಿ ವಿಷ ಎಷ್ಟಿದೆ ಎಂಬ ಪ್ರಶ್ನೆಯ ಜೊತೆಗೇ, ಅದನ್ನು ಪಶು ಎಷ್ಟು ಹಸಿವಿನಲ್ಲಿ, ಎಷ್ಟು ಹೊತ್ತಿನಲ್ಲಿ ತಿಂದಿತು ಎಂಬುದನ್ನೂ ಕೇಳಲೇಬೇಕು.

ಇನ್ನು ಹೈಬ್ರಿಡ್ ಮೇಲಿನ ಆರೋಪ. ಧುರಿನ್ ನಿಮ್ಮ ಮಾವನವರ ಕಾಲದ ನಾಟಿ ಜೋಳದಲ್ಲಿಯೂ ಇತ್ತು, ಹಿಂಗಾರಿನ ಬಿಳಿಜೋಳದಲ್ಲಿ ಇವತ್ತಿಗೂ ಇದೆ. ಹಲವು ಕೊಯ್ಲಿನ ಮೇವಿನ ಜೋಳಗಳಲ್ಲಿ ಬಹಳಷ್ಟು, ಜೋಳವನ್ನು ಸೂಡಾನ್ ಹುಲ್ಲಿನೊಡನೆ ಕೂಡಿಸಿ ಪಡೆದವು. ಸೂಡಾನ್ ಹುಲ್ಲಿನಲ್ಲಿ ಈ ಅಂಶ ಜೋಳಕ್ಕಿಂತ ಕಡಿಮೆ, ತಳಿ ಅಭಿವೃದ್ಧಿ ಮಾಡುವವರು ಕಡಿಮೆ ಇರುವ ಸಾಲುಗಳನ್ನೇ ಆರಿಸಿಕೊಳ್ಳುತ್ತಾರೆ ಕೂಡ. ನಮ್ಮಲ್ಲಿ ಹೆಚ್ಚು ಬಳಕೆಯಲ್ಲಿರುವ, ತಮಿಳುನಾಡು ಕೃಷಿ ವಿಶ್ವವಿದ್ಯಾಲಯದ ಸಿಒಎಫ್‌ಎಸ್-29 ಇಂಥದ್ದೇ ಸಂಕರದಿಂದ ಬಂದದ್ದು. ಹಾಗೆ ನೋಡಿದರೆ ಅದು ಸ್ಥಿರಗೊಂಡ ತಳಿಯೇ ಹೊರತು ವರ್ಷವರ್ಷ ಹೊಸ ಬೀಜ ಕೊಳ್ಳಬೇಕಾದ ಹೈಬ್ರಿಡ್ ಅಲ್ಲ, ಆದರೆ ಅಂಗಡಿಯ ಕಟ್ಟೆಯ ಮೇಲೆ ಬಂದದ್ದೆಲ್ಲಕ್ಕೂ ಹೈಬ್ರಿಡ್ ಎಂದೇ ಹೆಸರು. ಅಷ್ಟಾದರೂ ನಿಮ್ಮ ಮಾವನವರ ಅನುಭವವನ್ನು ನಾನು ತಳ್ಳಿಹಾಕುವುದಿಲ್ಲ, ಏಕೆಂದರೆ ಅವರು ಕಂಡ ವ್ಯತ್ಯಾಸ ನಿಜವಾದದ್ದೇ. ಕಾಳಿಗೆ ಹಾಕಿದ ನಾಟಿ ಜೋಳ ಬಲಿತು, ತೆನೆ ಮುರಿದು, ಕಣಕಿಯಾಗಿ ಒಣಗಿದ ಮೇಲೆಯೇ ದನದ ಬಾಯಿಗೆ ಹೋಗುತ್ತಿತ್ತು. ಹಲವು ಕೊಯ್ಲಿನ ಬೆಳೆಯಲ್ಲಿ ಹಾಗಲ್ಲ. ವರ್ಷದ ಯಾವುದೇ ತಿಂಗಳಲ್ಲಿ ನೋಡಿದರೂ ಹೊಲದ ಒಂದು ತುಂಡಿನಲ್ಲಿ ಎಳೆ ಕೂಳೆ ಚಿಗುರುತ್ತಲೇ ಇರುತ್ತದೆ. ಅಪಾಯ ಹೆಚ್ಚಿದ್ದು ಬೀಜದಿಂದಲ್ಲ, ಎಳೆಯ ಚಿಗುರು ಸದಾ ದನದ ಬಾಯಿಗೆ ಎಟುಕುವಂತಾದದ್ದರಿಂದ. ವಿಷವೇ ಇಲ್ಲದ ತಳಿ ಕೊಡುತ್ತೇನೆ ಎನ್ನುವ ಅಂಗಡಿಯವರಿಗೆ ಕಡಿಮೆ ಎಂಬುದಕ್ಕೂ ಇಲ್ಲ ಎಂಬುದಕ್ಕೂ ಇರುವ ಅಂತರವನ್ನು ನೀವೇ ನೆನಪಿಸಿ.

ಎಳೆಯ ಎಲೆಯಲ್ಲಿ, ಬುಡದಿಂದ ಹೊಸದಾಗಿ ಒಡೆದ ಮರಿಗಳಲ್ಲಿ ಧುರಿನ್ ಅತಿ ಹೆಚ್ಚು. ಗಿಡ ಬೆಳೆದಂತೆ ಕಡ್ಡಿಯ ಪಾಲು ಹೆಚ್ಚಿ ಒಟ್ಟಾರೆ ಪ್ರಮಾಣ ಇಳಿಯುತ್ತದೆ, ಹೂವಾಡುವ ಹೊತ್ತಿಗೆ ಸಾಮಾನ್ಯವಾಗಿ ಸುರಕ್ಷಿತ ಮಟ್ಟಕ್ಕೆ ಬಂದಿರುತ್ತದೆ. ಬರ ಬಿದ್ದಾಗ ಬೆಳವಣಿಗೆ ನಿಂತು ಗಿಡ ಎಳೆತನದಲ್ಲಿಯೇ ಉಳಿಯುತ್ತದೆ. ದಿನಗಳ ಲೆಕ್ಕದಲ್ಲಿ ಐವತ್ತು ದಾಟಿದ್ದರೂ ಮೊಣಕಾಲೆತ್ತರದ ಗಿಡ ಎಳೆಯದೇ, ಇಲ್ಲಿ ಕ್ಯಾಲೆಂಡರ್ ನಂಬಬೇಡಿ. ಬರದ ನಂತರ ಮಳೆ ಬಿದ್ದಾಗ ಮಣ್ಣಿನ ಸಾರಜನಕವನ್ನು ಒಮ್ಮೆಗೇ ಹೀರಿ ಹೊಸ ಚಿಗುರು ನುಗ್ಗುತ್ತದೆ, ಆ ಚಿಗುರು ಎಲ್ಲಕ್ಕಿಂತ ಅಪಾಯಕಾರಿ. ಮೊದಲ ಕೊಯ್ಲಾದ ಮೇಲೆ ನೀವು ಯೂರಿಯಾ ಎರಚಿದ್ದೀರಾ ಎಂಬುದನ್ನು ಬರೆದಿಲ್ಲ. ಎರಚಿದ್ದರೆ, ಮಳೆಯಿಲ್ಲದೆ ನೆಲದಲ್ಲೇ ಉಳಿದಿದ್ದ ಅದೂ ಈ ಮಳೆಗೆ ಗಿಡಕ್ಕೆ ಏರಿರುತ್ತದೆ. ಕಡಸು ಬಂದು ಬಾಯಿ ಹಾಕಿದ್ದು ಇದೇ ಚಿಗುರಿಗೆ, ಇದೇ ನಾಲ್ಕನೆಯ ದಿನ.

ನಾನು ಸೇವೆಗೆ ಸೇರಿದ ಮೊದಲ ವರ್ಷಗಳಲ್ಲಿ ಒಂದು ಸಂಜೆ ಹೀಗೇ ಕರೆ ಬಂತು. ಹೋಗಿ ನೋಡಿದರೆ ಒಂದು ಎತ್ತು ಸತ್ತಿತ್ತು, ಇನ್ನೊಂದು ಕಾಲು ಚಾಚಿ ಬಾಯಿ ತೆರೆದು ಏದುತ್ತಿತ್ತು. ಹುಳ ಮುಟ್ಟಿದೆಯೆಂದು ಮನೆಯವರು ಅದರ ಕಾಲಿನಲ್ಲಿ ಹಲ್ಲಿನ ಗುರುತು ಹುಡುಕುತ್ತಿದ್ದರು. ರಕ್ತನಾಳಕ್ಕೆ ಸೂಜಿ ಚುಚ್ಚಿದಾಗ ಬಂದ ರಕ್ತ ಕುಂಕುಮ ಕಲಸಿದ ನೀರಿನಂತೆ ಕೆಂಪಗಿತ್ತು, ಸತ್ತ ಎತ್ತಿನ ದವಡೆಯಲ್ಲಿ ಜೋಳದ ಎಳೆ ಸುಳಿ ಸಿಕ್ಕಿಕೊಂಡಿತ್ತು. ಸೋಡಿಯಂ ನೈಟ್ರೈಟ್ ಮತ್ತು ಸೋಡಿಯಂ ಥಯೊಸಲ್ಫೇಟ್, ನಾವು ಹೈಪೋ ಎನ್ನುವುದು, ಎರಡನ್ನೂ ನಿಧಾನವಾಗಿ ರಕ್ತನಾಳಕ್ಕೆ ಕೊಟ್ಟ ಮೇಲೆ ಆ ಎತ್ತು ಎದ್ದು ನಿಂತಿತು. ಸಮಯಕ್ಕೆ ಸಿಕ್ಕರೆ ಈ ಚಿಕಿತ್ಸೆಯಷ್ಟು ಬೇಗ ಫಲ ಕಾಣುವುದು ನಮ್ಮ ಕಸುಬಿನಲ್ಲಿ ಅಪರೂಪ, ಆದರೆ ಸಮಯ ಸಿಗುವುದೂ ಅಷ್ಟೇ ಅಪರೂಪ. ಆದ್ದರಿಂದ ಲಕ್ಷಣ ಕಂಡ ಕೂಡಲೇ, ಅಂದರೆ ಮೇಯ್ದ ಸ್ವಲ್ಪ ಹೊತ್ತಿಗೆ ಉಬ್ಬಸ, ಜೊಲ್ಲು, ಮೈ ನಡುಕ, ತೂರಾಟ ಶುರುವಾದ ಕೂಡಲೇ ಪಶುವನ್ನು ಮೇವಿನಿಂದ ಎಳೆದು ತಂದು ವೈದ್ಯರಿಗೆ ಅಥವಾ ಪಶು ಸಹಾಯವಾಣಿ 1962ಕ್ಕೆ ಕರೆ ಮಾಡಿ, ಜೋಳದ ಕೂಳೆ ತಿಂದಿದೆ ಎಂಬುದನ್ನು ಮೊದಲ ಮಾತಿನಲ್ಲೇ ಹೇಳಿ. ಬರುವವರು ಔಷಧಿಯನ್ನು ಜೊತೆಗೆ ತರಲು ಆ ಒಂದು ಮಾತು ಬೇಕು.

ಅಷ್ಟರಲ್ಲಿ ಬೆಲ್ಲದ ನೀರು, ಮಜ್ಜಿಗೆ, ಹುಣಸೆನೀರು ಎಂದು ಗೊಟ್ಟದಲ್ಲಿ ಸುರಿಯಲು ಹೋಗಬೇಡಿ. ಏದುಸಿರು ಬಿಡುತ್ತಿರುವ ಪಶುವಿನ ಬಾಯಿಗೆ ಸುರಿದದ್ದು ಶ್ವಾಸಕೋಶಕ್ಕೆ ಇಳಿಯುತ್ತದೆ, ವಿಷದಿಂದ ಉಳಿಯಬಹುದಾಗಿದ್ದ ಪಶು ಅದರಿಂದ ಸಾಯುವುದನ್ನು ಕಂಡಿದ್ದೇನೆ. ಉಪ್ಪುನೀರಿನ ಮಾತೂ ಹುಸಿಯೇ. ವಿಷದ ಮೂಲ ಎಲೆಯ ಜೀವಕೋಶದ ಒಳಗಿರುವಾಗ ಮೇಲೆ ಚಿಮುಕಿಸಿದ ನೀರು ಅದನ್ನು ತೊಳೆಯಲಾರದು. ಉಪ್ಪಿನ ರುಚಿಗೆ ದನ ಇನ್ನಷ್ಟು ಬೇಗ ತಿನ್ನುತ್ತದೆ, ಅಷ್ಟೆ. ಒಂದು ಬಡಕಲು ದನಕ್ಕೆ ಮೊದಲು ಹಾಕಿ ನೋಡಿ, ಏನೂ ಆಗದಿದ್ದರೆ ಉಳಿದವಕ್ಕೆ ಹಾಕಿ ಎಂಬ ಸಲಹೆಯನ್ನೂ ಕೆಲವರು ಕೊಡುತ್ತಾರೆ. ಅದು ನನಗೆ ಒಪ್ಪಿಗೆಯಿಲ್ಲ. ಪರೀಕ್ಷೆಯೇ ಬೇಕಿದ್ದರೆ ಪಿಕ್ರೇಟ್ ಕಾಗದದ ಪರೀಕ್ಷೆ ಇದೆ. ಜಜ್ಜಿದ ಎಲೆಯನ್ನು ಮುಚ್ಚಿದ ನಳಿಕೆಯಲ್ಲಿಟ್ಟು ಮೇಲೆ ಹಳದಿ ಕಾಗದದ ಪಟ್ಟಿ ತೂಗುಬಿಟ್ಟರೆ, ಸೈನೈಡ್ ಇದ್ದಾಗ ಅದು ಇಟ್ಟಿಗೆಯ ಬಣ್ಣಕ್ಕೆ ತಿರುಗುತ್ತದೆ. ನಿಮ್ಮ ಪಶುವೈದ್ಯರ ಮೂಲಕ ಪ್ರಯೋಗಾಲಯದಲ್ಲಿ ಇದನ್ನು ಮಾಡಿಸಬಹುದು. ಎಲೆಯನ್ನು ಕೊಯ್ದ ಕೂಡಲೇ ಗಾಳಿಯಾಡದ ಚೀಲದಲ್ಲಿ ಕಟ್ಟಿ, ಮಂಜುಗಡ್ಡೆಯ ಮೇಲಿಟ್ಟು ಒಯ್ಯಬೇಕು. ತಡವಾದರೆ ವಿಷ ಅನಿಲವಾಗಿ ಹಾರಿಹೋಗಿ ಫಲಿತಾಂಶ ಸುಳ್ಳಾಗುತ್ತದೆ.

ಹಾಲಿನ ವಿಷಯಕ್ಕೆ ಅಂಜಬೇಕಾಗಿಲ್ಲ. ಹಾಲು ಕೆಡುವಷ್ಟು ಸೈನೈಡ್ ಒಳಹೊಕ್ಕರೆ ಹಾಲು ಕರೆಯುವ ಹೊತ್ತಿಗೆ ಆಕಳು ಮೇಲೆದ್ದಿರುವುದಿಲ್ಲ. ಸಣ್ಣ ಪ್ರಮಾಣದಲ್ಲಿ ಒಳಹೋದದ್ದನ್ನು ಯಕೃತ್ತು ಬದಲಾಯಿಸಿಬಿಡುತ್ತದೆ. ಚಿಕಿತ್ಸೆ ಪಡೆದ ಆಕಳಿನ ಹಾಲನ್ನು ಮಾತ್ರ ವೈದ್ಯರು ಹೇಳುವವರೆಗೆ ಬಳಸಬೇಡಿ.

ಸೈನೈಡ್‌ನ ಗದ್ದಲದಲ್ಲಿ ಜನ ಮರೆಯುವ ಇನ್ನೊಂದು ಅಪಾಯವಿದೆ, ಅದು ನೈಟ್ರೇಟ್. ಬರ, ಮೋಡ, ಅತಿಯಾದ ಯೂರಿಯಾ ಇವೇ ಅದನ್ನೂ ಹೆಚ್ಚಿಸುತ್ತವೆ. ಆದರೆ ಸೈನೈಡ್ ಎಳೆ ಎಲೆಯಲ್ಲಿ ಕೂಡಿದರೆ ನೈಟ್ರೇಟ್ ಕಡ್ಡಿಯ ಬುಡದಲ್ಲಿ ಕೂಡುತ್ತದೆ. ಸೈನೈಡ್ ಒಣಗಿದರೆ ಹಾರಿಹೋಗುತ್ತದೆ, ನೈಟ್ರೇಟ್ ಒಣಮೇವಿನಲ್ಲಿಯೂ ಹಾಗೇ ಉಳಿಯುತ್ತದೆ. ಸೈನೈಡ್ ಬಾಧೆಯಲ್ಲಿ ರಕ್ತ ಕಡುಗೆಂಪಾದರೆ ನೈಟ್ರೇಟ್ ಬಾಧೆಯಲ್ಲಿ ಕಾಫಿಯ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ವಸಡು ಕಂದುನೀಲಿಯಾಗುತ್ತದೆ. ಇದಕ್ಕೆ ಮಿಥಿಲೀನ್ ಬ್ಲೂ ಕೊಡಬೇಕು. ತಪ್ಪಿ ಸೋಡಿಯಂ ನೈಟ್ರೈಟ್ ಕೊಟ್ಟರೆ ಬೆಂಕಿಗೆ ತುಪ್ಪ ಸುರಿದ ಹಾಗೆ. ಔಷಧಿ ಅಂಗಡಿಯಿಂದ ನೀವೇ ತಂದಿಟ್ಟುಕೊಂಡು ಚುಚ್ಚುವ ಯೋಚನೆ ಮಾಡಬೇಡಿ ಎಂದು ನಾವು ಹೇಳುವುದರ ಹಿಂದೆ ಇರುವುದು ಈ ಕಾರಣ.

ಈಗ ಹೊಲದಲ್ಲಿರುವ ಬೆಳೆ. ಎಲ್ಲಕ್ಕಿಂತ ಸುಲಭದ ದಾರಿ ಕಾಯುವುದು. ಮಳೆ ಬಿದ್ದಾಗಿನಿಂದ ಕನಿಷ್ಠ ಎರಡು ವಾರ ಕತ್ತಿ ಹಾಕಬೇಡಿ. ಆಮೇಲೂ ಗಿಡ ಎದೆಮಟ್ಟ ದಾಟಿ, ಅರ್ಧದಷ್ಟಾದರೂ ಗಿಡಗಳು ಹೂವಾಡಿದ ಮೇಲೆಯೇ ಕೊಯ್ಯಿರಿ. ಹದವಾದ ಮಳೆ ಅಥವಾ ನೀರು ಇರುವ ಬೆಳೆಯಲ್ಲಿ ಇದು ಮೊದಲ ಕೊಯ್ಲಿಗೆ 60–65 ದಿನಕ್ಕೆ, ನಂತರ 45–50 ದಿನಕ್ಕೊಮ್ಮೆ ಬರುತ್ತದೆ. ನಿಮ್ಮಲ್ಲಿ ಬರ ಬಿದ್ದಿರುವುದರಿಂದ ತಡವಾಗಬಹುದು. ಕಾದಷ್ಟೂ ಕಡ್ಡಿ ಬಲಿತು ಸಸಾರಜನಕ ಕಡಿಮೆಯಾಗುತ್ತದೆ, ಹಾಲು ಅರ್ಧ ಲೀಟರ್ ಇಳಿದರೂ ಇಳಿಯಬಹುದು. ಆ ನಷ್ಟವನ್ನು ಒಪ್ಪಿಕೊಳ್ಳಿ. ಕೊಯ್ಯುವಾಗ ಬುಡದಲ್ಲಿ ಒಂದು ಗೇಣಿನಷ್ಟು ಬಿಟ್ಟು ಕೊಯ್ದರೆ ನೈಟ್ರೇಟಿನ ದೊಡ್ಡ ಪಾಲು ಹೊಲದಲ್ಲೇ ಉಳಿಯುತ್ತದೆ. ಆದರೆ ಬುಡದಲ್ಲಿ ಹೊಸದಾಗಿ ಒಡೆದ ಮರಿಗಳು ಬಲಿತ ಕಡ್ಡಿಯ ಜೊತೆ ಸೇರಿ ಬರದಂತೆ ನೋಡಿಕೊಳ್ಳಿ, ಹೂವಾಡಿದ ಹೊಲದಲ್ಲೂ ಈ ಮರಿಗಳು ಎಳೆಯವೇ. ಮೊದಲ ದಿನಗಳಲ್ಲಿ ಗೋದಲಿಗೆ ಮೊದಲು ಭತ್ತದ ಹುಲ್ಲೋ ಕಣಕಿಯೋ ಹಾಕಿ, ಹೊಟ್ಟೆ ಅರ್ಧ ತುಂಬಿದ ಮೇಲೆ ಹಸಿಜೋಳವನ್ನು ಒಣಮೇವಿನ ಜೊತೆ ಬೆರೆಸಿ ಸ್ವಲ್ಪ ಸ್ವಲ್ಪವಾಗಿ ಕೊಡಿ. ಯಂತ್ರದಲ್ಲಿ ಕತ್ತರಿಸಿದರೆ ವಿಷ ಹೋಗುತ್ತದೆ ಎಂಬ ನಂಬಿಕೆ ಪೂರ್ತಿ ಸರಿಯಲ್ಲ. ಸ್ವಲ್ಪ ಹಾರಿಹೋಗುತ್ತದೆ ನಿಜ, ಆದರೆ ಕತ್ತರಿಸಿದ ಮೇವನ್ನು ದನ ಇನ್ನೂ ಬೇಗ ತಿಂದು ಮುಗಿಸುತ್ತದೆ. ಕತ್ತರಿಸುವುದರ ನಿಜವಾದ ಲಾಭ ಬೆರೆಸಲು ಬರುತ್ತದೆ ಎಂಬುದು.

ಒಣಗಿಸುವುದು ಎರಡನೆಯ ದಾರಿ. ಬಿಸಿಲಿನಲ್ಲಿ ತೆಳುವಾಗಿ ಹರಡಿ, ಎಲೆ ಪುಡಿಯಾಗುವಷ್ಟು, ಕಡ್ಡಿ ಮುರಿಯುವಷ್ಟು ಒಣಗಿದರೆ ಸೈನೈಡ್ ಬಹುಪಾಲು ಹೋಗಿರುತ್ತದೆ. ಅರ್ಧ ಬಾಡಿದ ಮೇವು ಮಾತ್ರ ಹಸಿಯದಕ್ಕಿಂತ ಕೆಟ್ಟದ್ದು, ಅದರಲ್ಲಿ ವಿಷ ಬಿಡುಗಡೆಯಾಗುತ್ತಿರುವ ಹೊತ್ತಿಗೇ ದನ ಬಾಯಿ ಹಾಕಿರುತ್ತದೆ. ನಿಮ್ಮ ಕಡೆ ಈ ತಿಂಗಳು ಮೂರು ದಿನ ಒಂದೇ ಸಮ ಬಿಸಿಲು ಸಿಗುತ್ತದೆಯೇ ಎಂಬುದನ್ನು ನೀವೇ ಬಲ್ಲಿರಿ. ಬೂಷ್ಟು ಹಿಡಿದ ಮೇವು ಬೇರೆಯದೇ ತೊಂದರೆ ತರುತ್ತದೆ.

ಮಳೆಗಾಲದಲ್ಲಿ ನಾನು ಹೆಚ್ಚು ನಂಬುವುದು ರಸಮೇವನ್ನು, ಅಂದರೆ ಸೈಲೇಜನ್ನು. ಹೂವಾಡಿ ಹಾಲುಗಾಳಿನ ಹಂತಕ್ಕೆ ಬಂದ ಜೋಳವನ್ನು ಒಂದು ಇಂಚಿಗಿಂತ ಚಿಕ್ಕದಾಗಿ ಕತ್ತರಿಸಿ, ಗಾಳಿಯಿಲ್ಲದಂತೆ ತುಳಿದು ಮುಚ್ಚಿ, ಆರು ವಾರ ಬಿಟ್ಟು ತೆರೆದರೆ ಹುದುಗುವಾಗ ಸೈನೈಡ್ ಬಹಳಷ್ಟು ಇಳಿದಿರುತ್ತದೆ, ನೈಟ್ರೇಟೂ ಒಂದು ಪಾಲು ಕಡಿಮೆಯಾಗಿರುತ್ತದೆ. ಹದ ನೋಡಲು ಕತ್ತರಿಸಿದ ಮೇವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ. ನೀರು ತೊಟ್ಟಿಕ್ಕಿದರೆ ಹಸಿ ಹೆಚ್ಚು, ಉಂಡೆ ಕೂಡಲೇ ಉದುರಿದರೆ ಒಣಗಿದ್ದು ಹೆಚ್ಚು, ಮೆಲ್ಲಗೆ ಬಿಚ್ಚಿಕೊಂಡರೆ ಹದ ಸರಿ. ತೆರೆದ ಮೇವನ್ನು ಗಾಳಿಯಲ್ಲಿ ಸ್ವಲ್ಪ ಹೊತ್ತು ಹರಡಿ ಹಾಕಿ. ಗುಂಡಿಯಲ್ಲಿ ಮಾಡುವವರು ಮೊದಲ ಮೂರು ವಾರ ಗುಂಡಿಗೆ ಇಳಿಯಬಾರದು. ನೈಟ್ರೇಟ್ ಹೆಚ್ಚಿದ್ದ ಮೇವಿನಿಂದ ಹಳದಿಗಂದು ಅನಿಲ ಏಳುತ್ತದೆ, ಅದು ಮನುಷ್ಯರ ಪ್ರಾಣಕ್ಕೂ ಅಪಾಯ. ಐದು ಜಾನುವಾರು ಇರುವ ನಿಮಗೆ ದಪ್ಪ ಪ್ಲಾಸ್ಟಿಕ್ ಚೀಲಗಳೇ ಸಾಕು, ಆದರೆ ಇಲಿ ತೂತು ಮಾಡಿದ ಒಂದೊಂದು ಚೀಲವೂ ತಿಪ್ಪೆಗೇ ಹೋಗುತ್ತದೆ ಎಂಬುದನ್ನು ಲೆಕ್ಕದಲ್ಲಿಟ್ಟುಕೊಳ್ಳಿ.

ಕೊನೆಗೆ ಹೈಬ್ರಿಡ್ ನೇಪಿಯರ್. ಸಜ್ಜೆ ಮತ್ತು ನೇಪಿಯರ್ ಹುಲ್ಲಿನ ಸಂಕರವಾದ ಇದರಲ್ಲಿ ಸೈನೈಡಿನ ಭಯವಿಲ್ಲ, ಅದು ದೊಡ್ಡ ನೆಮ್ಮದಿ. ಧಾರವಾಡದ ಹುಲ್ಲುಗಾವಲು ಮತ್ತು ಮೇವು ಸಂಶೋಧನಾ ಕೇಂದ್ರದ ಡಿಎಚ್‌ಎನ್-6 ನಿಮ್ಮ ನೆರೆಯಲ್ಲೇ ಹುಟ್ಟಿದ ತಳಿ. ಆದರೆ ಇದರಲ್ಲಿ ಆಕ್ಸಲೇಟ್ ಇದೆ, ಅದು ಸುಣ್ಣದ ಅಂಶವನ್ನು ಕಟ್ಟಿಹಾಕುತ್ತದೆ. ಬರೀ ನೇಪಿಯರ್ ತಿನ್ನಿಸಿ ಖನಿಜ ಮಿಶ್ರಣ ಹಾಕದಿದ್ದರೆ ಹೆಚ್ಚು ಹಾಲು ಕೊಡುವ ಆಕಳು ಸೊರಗುತ್ತದೆ. ದಿನಕ್ಕೆ 50 ಗ್ರಾಂ ಖನಿಜ ಮಿಶ್ರಣವನ್ನು ಯಾವ ಮೇವಿದ್ದರೂ ತಪ್ಪಿಸಬೇಡಿ. ಸಗಣಿನೀರು, ಯೂರಿಯಾ ಅತಿಯಾದರೆ ನೇಪಿಯರಿನಲ್ಲೂ ನೈಟ್ರೇಟ್ ಏರುತ್ತದೆ. ಒಣಬೇಸಾಯದ ಹೊಲಕ್ಕಂತೂ ಅದು ಹೇಳಿಮಾಡಿಸಿದ್ದಲ್ಲ, ಬೇಸಿಗೆಯಲ್ಲಿ ನೀರಿಲ್ಲದಿದ್ದರೆ ಬುಡ ಬದುಕಿದರೂ ಮೇವು ಸಿಗದು. ನಿಮ್ಮದು ಮಳೆಯಾಶ್ರಿತ ಹೊಲವೆಂದು ತೋರುತ್ತದೆ. ಹಾಗಿದ್ದರೆ ಮುಂದಿನ ಮುಂಗಾರಿಗೆ ಹಲವು ಕೊಯ್ಲಿನ ಮೇವಿನ ಸಜ್ಜೆಯನ್ನು ಯೋಚಿಸಿ. ಬರ ತಡೆಯುತ್ತದೆ, ಸೈನೈಡ್ ಇಲ್ಲ, ಇಳುವರಿ ಜೋಳಕ್ಕಿಂತ ಸ್ವಲ್ಪ ಕಡಿಮೆ ಬರಬಹುದು. ಕೊಳವೆಬಾವಿ ಇದ್ದರೆ ಐದು ಗುಂಟೆ ನೇಪಿಯರ್, ಮಿಕ್ಕದ್ದು ಅಲಸಂದೆಯನ್ನು ಅಕ್ಕಡಿಯಾಗಿ (ನಡುನಡುವೆ) ಹಾಕಿದ ಜೋಳ, ಇದೇ ನಾನು ಮಾಡುತ್ತಿದ್ದ ಹಂಚಿಕೆ. ಅಲಸಂದೆ ಜೊತೆಗಿದ್ದರೆ ಸಸಾರಜನಕ ಸಿಗುತ್ತದೆ, ಜೋಳದ ಪಾಲೂ ತಾನಾಗಿ ತಗ್ಗುತ್ತದೆ.

ಪಕ್ಕದವರ ಕಡಸಿಗೆ ವಿಮೆ ಇತ್ತೇ ಎಂದು ಕೇಳಿ. ಹೂಳಿ ಆಗಿದ್ದರೆ ಈಗ ಮಾಡುವುದೇನೂ ಇಲ್ಲ, ಮುಂದೆ ಇಂಥದ್ದು ನಡೆದರೆ ಹೂಳುವ ಮುಂಚೆ ವೈದ್ಯರಿಂದ ಮರಣೋತ್ತರ ಪರೀಕ್ಷೆ ಮಾಡಿಸಿ, ಹೊಟ್ಟೆಯಲ್ಲಿನ ಮೇವಿನ ಮಾದರಿಯನ್ನು ಮುಚ್ಚಿದ ಡಬ್ಬಿಯಲ್ಲಿ ತೆಗೆಸಿಡಿ. ನಿಮ್ಮ ಹೊಲದ ಆ ಬದಿಗೆ ಇವತ್ತೇ ಒಂದು ಮುಳ್ಳಿನ ಬೇಲಿ ಹಾಕಿ. ಕೂಳೆ ಇನ್ನೂ ಮೊಣಕಾಲೆತ್ತರದಲ್ಲಿದೆ, ಹಗ್ಗ ಹರಿಯುವ ದನ ಊರಿನಲ್ಲಿ ಅದೊಂದೇ ಇರಲಿಲ್ಲ.